ಜಂಬವ್ವ ಸೀರೆ ತಗೊಂಡಳು

ಜಂಬವ್ವನ ಬಲಗೈ ಎಡಗೈಗಿಂತ ದಪ್ಪ. ಹನ್ನೊಂದನೇ ವಯಸ್ಸಿಗೆ ಸುತ್ತಿಗೆ ಹಿಡಿದ ಕೈ ಅದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಅವ್ವನ ಮಗ್ಗುಲಿಗೆ ಕುಂತು, ಅದಿರಿನ ಕಲ್ಲನ್ನು ಮುಷ್ಟಿಗಾತ್ರಕ್ಕೆ ಒಡೆದಳು. ಮಷಿನ್ ಬಂದವು, ಸುತ್ತಿಗೆ ಕೆಲಸ ಹೋಯಿತು. ಗಣಿಗಳೇ ಬಂದ್ ಆದವು, ಕಂಪ್ಲಿ ಕಡೆ ಭತ್ತದ ನಾಟಿಗೆ ಹೋದಳು. ಗಣಿ ಮತ್ತೆ ಶುರುವಾದಾಗ ಯಶವಂತನಗರಕ್ಕೆ ವಾಪಸ್ ಬಂದು ಒಬ್ಬ ಕಂಟ್ರಾಕ್ಟರನ ಕೈಕೆಳಗೆ ರಸ್ತೆ ಗುಡಿಸುವ ಕೆಲಸಕ್ಕೆ ಸೇರಿದಳು. ಟಿಪ್ಪರ್ ಹೋದ ಹಿಂದೆಯೇ ಕೆಂಪು ಧೂಳು ಗುಡಿಸಬೇಕು. ಗುಡಿಸಿ ಸೊಂಟ ಎತ್ತುವಷ್ಟರಲ್ಲಿ ಇನ್ನೊಂದು ಟಿಪ್ಪರ್. ಏಳು ವರ್ಷ ಇದೇ ಕೆಲಸ.

ಅವಳ ಬಾಯಿಯೂ ಕೈಯಷ್ಟೇ ಗಟ್ಟಿ. ಆ ಕಂಟ್ರಾಕ್ಟರ್ ಪ್ರತಿ ಆಯುಧಪೂಜೆಗೆ ಗುಡಿಸುವ ಹೆಂಗಸರಿಗೆಲ್ಲ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ ಕೊಡುತ್ತಿದ್ದ. ಒಂದು ವರ್ಷ ಜಂಬವ್ವನ ಪಾಲಿಗೆ ಹರಿದದ್ದು ಬಂತು. ಸ್ಟೋರಿನವನು ತನ್ನ ನಾದಿನಿಗೆ ಒಳ್ಳೆಯದನ್ನು ಕೊಟ್ಟು ಅದಲುಬದಲು ಮಾಡಿದ್ದ. ಈಕೆ ಸ್ಟೋರಿನ ಬಾಗಿಲಿಗೆ ಕಸಬರಿಗೆ ಅಡ್ಡ ಇಟ್ಟು ಅರ್ಧ ದಿನ ಕುಂತಳು. ಆವತ್ತಿನಿಂದ ಹೊಸ ಪದ್ಧತಿ ಬಂತು: ಪ್ರತಿ ಸೀರೆಗೂ ಹೆಸರು ಬರೆದು ಸ್ಟಾಂಪ್ ಹೊಡೆದ ಎರಡು ರಟ್ಟು. ಒಂದು ಹೊರಗೆ ಕವರಿಗೆ. ಇನ್ನೊಂದು ಮಡಿಕೆಯ ಒಳಗೆ, ಕುಪ್ಪಸದ ತುಂಡಿಗೆ ಪಿನ್ ಹಾಕಿ. ಕವರ್ ಬದಲಿಸಿದರೂ ಒಳಗಿನದು ಹೇಳುತ್ತದೆ. ಇದನ್ನು ನೆನಪಿಡಿ.

ಎರಡು ವರ್ಷದ ಹಿಂದೆ ಈ ಹೆಂಗಸರಲ್ಲಿ ಇಪ್ಪತ್ತೆರಡು ಮಂದಿ ನಮ್ಮ ಯೂನಿಯನ್ ಸೇರಿದರು. ಕೇಳಿದ್ದು ಮೂರೇ. ಹಾಜರಿ ಕಾರ್ಡು. ಕುಡಿಯೋ ನೀರು. ಒಂದಕ್ಕೆ ಹೋಗಲು ನಾಲ್ಕು ಗೋಡೆ. ಅಕ್ಟೋಬರ್ ಒಂದನೇ ತಾರೀಖು ಗೇಟಿನಲ್ಲಿ ಅಷ್ಟೂ ಮಂದಿಯನ್ನು ವಾಪಸ್ ಕಳಿಸಿದರು. ಆ ವರ್ಷದ ಸೀರೆಯೂ ಕೊಡಲಿಲ್ಲ. ನಾವು ಹೊಸಪೇಟೆಯ ಲೇಬರ್ ಆಫೀಸಿಗೆ ಹೋದೆವು. ಕಂಟ್ರಾಕ್ಟರ್ ಉತ್ತರ ಬರೆದ: ಈ ಹೆಸರಿನ ಹೆಂಗಸರು ನಮ್ಮಲ್ಲಿ ಕೆಲಸ ಮಾಡಿದ್ದೇ ಇಲ್ಲ.

ಏಳು ವರ್ಷದ ಧೂಳು ಎದೆಯಲ್ಲಿ ಇಟ್ಟುಕೊಂಡು ಕೆಮ್ಮುವವರಿಗೆ ಈ ಉತ್ತರ. ಕೈಯಲ್ಲಿ ಒಂದು ಚೂರು ಕಾಗದ ಇಲ್ಲ. ಕಾರ್ಡು ಕೊಡಿ ಅಂತಲೇ ಅಲ್ಲವೇ ಜಗಳ ಶುರುವಾದದ್ದು.

ಜನವರಿಯ ಒಂದು ಸೋಮವಾರ ವಿಚಾರಣೆ. ಮೊದಲ ಸಾಕ್ಷಿ ಜಂಬವ್ವ. ಅವಳು ಎದ್ದರೆ ಇಪ್ಪತ್ತೊಂದು ಮಂದಿ ಏಳುತ್ತಾರೆ, ಅವಳು ಕುಂತರೆ ಎಲ್ಲರೂ ಕುಂದ್ರುತ್ತಾರೆ. ಇದು ಯೂನಿಯನ್ ನಡೆಸುವ ನನಗೆ ಗೊತ್ತಿತ್ತು. ಕಂಟ್ರಾಕ್ಟರನ ಸೂಪರ್‌ವೈಸರ್ ಕನಕರಾಜನಿಗೂ ಗೊತ್ತಿತ್ತು.

ಜಂಬವ್ವನಿಗೆ ದುಡ್ಡಿನ ಆಸೆ ತೋರಿಸಲಿಕ್ಕೆ ಆಗುವುದಿಲ್ಲ, ಹೆದರಿಸಲಿಕ್ಕೂ ಆಗುವುದಿಲ್ಲ. ಕನಕರಾಜ ಆ ತಂಟೆಗೇ ಹೋಗಲಿಲ್ಲ. ಅವಳ ಗಂಡನನ್ನು ಹಿಡಿದ.

ಗಂಡ ಅಂಜಿನಯ್ಯ ಲಾರಿ ಡ್ರೈವರ್. ಕುಡಿಯುವವನಲ್ಲ, ಹೊಡೆಯುವವನಲ್ಲ. ಆದರೆ ಯಾರು ಕೊನೆಗೆ ಮಾತಾಡಿದರೋ ಅವರ ಮಾತೇ ಅವನಿಗೆ ಸತ್ಯ. ಅವನ ಇನ್ನೊಂದು ಹುಚ್ಚು ನಾಟಕ. ಆ ವರ್ಷ ಊರಿನವರು ದಳವಾಯಿ ನಾಟಕ ಹಾಕಿದ್ದರು. ಕಥೆ ಇಷ್ಟೇ: ಯುದ್ಧ ಗೆದ್ದ ದಳವಾಯಿ ಇರುತ್ತಾನೆ. ಅವನ ಕೆಳಗಿನ ಬಂಟನಿಗೆ ಹೊಟ್ಟೆಕಿಚ್ಚು. ಬಂಟ ದಳವಾಯಿಯ ಕಿವಿ ಕೆಡಿಸುತ್ತಾನೆ, ದಳವಾಯಿ ನಿರಪರಾಧಿ ಹೆಂಡತಿಯ ಕತ್ತು ಹಿಸುಕುತ್ತಾನೆ, ಆಮೇಲೆ ನಿಜ ಗೊತ್ತಾಗಿ ಎದೆ ಬಡಿದುಕೊಂಡು ಅಳುತ್ತಾನೆ. ದಳವಾಯಿ ಪಾತ್ರ ಅಂಜಿನಯ್ಯನದು. ಬಂಟನ ಪಾತ್ರ ಕನಕರಾಜನದು. ಪಾತ್ರ ಹಂಚಿದವರು ಹಾರ್ಮೋನಿಯಂ ಬಾರಿಸುತ್ತಾ ನಾಟಕ ಕಲಿಸುವ ಪೇಟಿ ಮಾಸ್ತರ ನಾಗೇಂದ್ರಪ್ಪ. ದೇಹ ನೋಡಿ ಒಬ್ಬನಿಗೆ, ನಾಲಿಗೆ ನೋಡಿ ಇನ್ನೊಬ್ಬನಿಗೆ ಕೊಟ್ಟೆ ಅನ್ನುತ್ತಿದ್ದರು.

ಅಂಜಿನಯ್ಯನಿಗೆ ಓದು ಬರುವುದಿಲ್ಲ. ಮನೆಯಲ್ಲಿ ಜಂಬವ್ವನೇ ಪುಸ್ತಕ ಹಿಡಿದು ಬಂಟನ ಮಾತು ಓದಬೇಕು, ಅವನು ದಳವಾಯಿಯ ಉತ್ತರ ಒಪ್ಪಿಸಬೇಕು. ರೊಟ್ಟಿ ಬಡಿಯುತ್ತಾ ಓದಿ ಓದಿ ಐದು ತಾಸಿನ ನಾಟಕ ಪೂರ್ತಿ ಅವಳಿಗೆ ಬಾಯಿಪಾಠವಾಯಿತು.

ತಾಲೀಮು ಎರಡು ತಿಂಗಳು ನಡೆಯಿತು. ಮಾಸ್ತರರು ಪೇಟಿ ನಿಲ್ಲಿಸಿ ದಿನಾ ಒಂದೇ ಬೈಗುಳ ಬೈಯುತ್ತಿದ್ದರು. "ಲೇ ಅಂಜಿನಯ್ಯ, ಸಂಶಯ ಕಣ್ಣಾಗ ಬರವಲ್ದಲ್ಲೋ! ಹೆಂಡ್ತಿ ಮ್ಯಾಲೆ ಅನುಮಾನ ಪಡಾಕ ಹೇಳಿದ್ರ, ಬಸ್ ತಪ್ಪಿಸಿಕೊಂಡವ್ನಂಗ ನಿಂತೀಯಲ್ಲ!"

"ಆಕಿ ಮ್ಯಾಲೆ ಹೆಂಗ್ರಿ ಅನುಮಾನ ಪಡೋದು? ತಪ್ಪು ಮಾಡಿಲ್ಲಲ್ರಿ ಆಕಿ."

"ನಿನಗದು ಗೊತ್ತಿಲ್ಲಲೇ! ನಿನಗ ಗೊತ್ತಿಲ್ಲ ಅಂತನ ನಾಟಕ!"

ಎಲ್ಲರೂ ನಕ್ಕರು. ಕನಕರಾಜ ನಗಲಿಲ್ಲ. ತಾಲೀಮು ಮುಗಿದ ಮೇಲೆ ಅಂಜಿನಯ್ಯನ ಹೆಗಲ ಮೇಲೆ ಕೈ ಹಾಕಿ ಚಹಾದ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದ. ಮೊದಲ ವಾರ ಬರೀ ಹೊಗಳಿದ. ಎರಡನೇ ವಾರ ಶುರು ಮಾಡಿದ.

"ಅಣ್ಣಾ, ಒಂದು ಮಾತು... ಹೋಗ್ಲಿ, ಬ್ಯಾಡ ಬಿಡು."

"ಏನದು ಹೇಳೋ."

"ಬ್ಯಾಡಣ್ಣ. ನೀ ಭಾಳ ಒಳ್ಳೆ ಮನುಷ್ಯಾ. ಜಂಬಕ್ಕನೂ ಒಳ್ಳೆಕಿನ. ಮಂದಿ ಬಾಯಿಗೇನು."

"ಮಂದಿ ಏನಂತಾರ?"

"ನಾ ಹೇಳಿದ್ರ ತಪ್ಪಾಗತೈತಿ. ಆ ಯೂನಿಯನ್ ಉಚ್ಚೆಂಗೆಪ್ಪನಿಗೆ ಹೆಂಡ್ರಿಲ್ಲ ಮಕ್ಕಳಿಲ್ಲ. ಮೀಟಿಂಗು, ಹೊಸಪೇಟಿ ಆಫೀಸು ಅಂತ ಇಬ್ಬರೂ ಒಂದ ಬಸ್ಸಿನ್ಯಾಗ ಹೋಗಿ ಬರ್ತಾರ. ಅದ್ರಾಗೇನು ತಪ್ಪೈತಿ? ನಾ ಹೇಳೋದು ಏನೂ ಇಲ್ಲ."

ಉಚ್ಚೆಂಗೆಪ್ಪ ಅಂದರೆ ನಾನು. ಬಂಡ್ರಿಯವನು, ಅರವತ್ತರ ಹತ್ತಿರ. ಕನಕರಾಜ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನಗೆ ಹೆಂಡತಿ ಇಲ್ಲ, ಬಸ್ಸು ಒಂದೇ. ಸುಳ್ಳೇ ಹೇಳದೆ ಕೆಡಿಸುವುದು ಬಂಟನ ಕಸುಬು. ಅದನ್ನು ಅವನು ದಿನಾ ಆರರಿಂದ ಎಂಟರ ತನಕ ಪೇಟಿಯ ಜೊತೆ ಕಲಿಯುತ್ತಿದ್ದ.

ಎರಡು ತಿಂಗಳ ಕೊನೆಗೆ ಅಂಜಿನಯ್ಯನ ಕಣ್ಣಿನಲ್ಲಿ ಸಂಶಯ ಬಂತು. ಮಾಸ್ತರರು ಬೆನ್ನು ತಟ್ಟಿದರು. "ಈಗ ಕುಂತಿತು ನೋಡು ಪಾತ್ರ!"

ಹತ್ತಕ್ಕೆ ಮೈಕ್ ಬಂದ್ ಅಂತ ಪೊಲೀಸರು ಹೇಳಿದ್ದರಿಂದ ನಾಟಕ ವಿಚಾರಣೆಗೆ ಎರಡು ದಿನ ಮೊದಲು, ಶನಿವಾರ ಸಂಜೆ ನಾಲ್ಕಕ್ಕೇ ಶುರುವಾಯಿತು, ಶಾಲೆಯ ಬಯಲಿನಲ್ಲಿ. ಹೆಂಡತಿ ಪಾತ್ರಕ್ಕೆ ಮರಿಯಮ್ಮನಹಳ್ಳಿಯಿಂದ ಕಲಾವಿದೆ ದೇವಿಕಾ ಬಂದಿದ್ದರು. ನಮ್ಮ ಕಡೆ ನಾಟಕ ಎಂದರೆ ನಡುವೆ ಆಯೇರಿ ಇದ್ದೇ ಇರುತ್ತದೆ. ಯಾರೋ ಮೆಚ್ಚಿ ಟವೆಲ್ಲೋ ಶಾಲೋ ಕಳಿಸುತ್ತಾರೆ, ಜೊತೆಗೆ ಹೆಸರು ಬರೆದ ಚೀಟಿ. ಸಾಯುವ ಸೀನಿದ್ದರೂ ನಿಲ್ಲಿಸಿ ಮೈಕಿನಲ್ಲಿ ಓದುತ್ತಾರೆ. ಕೊಟ್ಟವರು ಯಾರೆಂದು ಯಾರೂ ಕೇಳುವುದಿಲ್ಲ, ಚೀಟಿಯಲ್ಲಿ ಇದ್ದದ್ದೇ ಹೆಸರು.

ಸೀರೆಯ ಮಾತು ಬೇರೆ. ಹೆಣ್ಣಿಗೆ ಸೀರೆಯ ಆಯೇರಿ ತವರಿನವರು ಮಾಡಬೇಕು, ಇಲ್ಲವೇ ಗಂಡನ ಕಡೆಯವರು. ಹೊರಗಿನ ಗಂಡಸು ಮಾಡಿದರೆ ಅದಕ್ಕೆ ಒಂದೇ ಅರ್ಥ.

ಮೂರನೇ ಅಂಕ. ಕಿರೀಟ ಇಟ್ಟ ಅಂಜಿನಯ್ಯ ಎದೆ ಉಬ್ಬಿಸಿ ನಿಂತಿದ್ದ. ಬಂಟ ಒಳಗೆ ಹೋದ. ಮೈಕಿನವನು ಚೀಟಿ ಓದಿದ.

"ಬಂಡ್ರಿಯ ಉಚ್ಚೆಂಗೆಪ್ಪನವರು ಜಂಬವ್ವನವರಿಗೆ ಪ್ರೀತಿಯಿಂದ ಒಂದು ಸೀರೆ ಆಯೇರಿ ಮಾಡಿರುತ್ತಾರೆ."

ಹಿಂದಿನಿಂದ ಯಾರೋ ಶಿಳ್ಳೆ ಹೊಡೆದ. ನಾನು ಎದ್ದು ನಿಂತು "ನಾ ಕೊಟ್ಟಿಲ್ಲ! ಸುಳ್ಳದು!" ಅಂತ ಕೂಗಿದೆ. ಲಾಠಿ ತಿಂದಾಗ ಹೆದರದ ನಾನು ಆವತ್ತು ಹೆದರಿದ್ದೆ. ನಾನು ಕೂಗಿದಷ್ಟೂ ಜನ ನಕ್ಕರು.

ಜಂಬವ್ವ ಹೆಂಗಸರ ನಡುವಿನಿಂದ ಎದ್ದಳು. ಉಗಿದು ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಸ್ಟೇಜ್ ಹತ್ತಿದಳು. ಮೈಕಿನವನ ಕೈಯಿಂದ ಸೀರೆ ಇಸಿದುಕೊಂಡಳು, ಅಂಚು ತಿರುಗಿಸಿ ನೋಡಿದಳು, ಕಂಕುಳಲ್ಲಿ ಇಟ್ಟುಕೊಂಡು ಇಳಿದಳು.

ತಗೊಂಡಳು! ತಗೊಂಡಳೆಂದರೆ ಒಪ್ಪಿಕೊಂಡಳು ಅಂತಲೇ ಊರು ತಿಳಿಯಿತು. ಅಂಜಿನಯ್ಯ ಕಿರೀಟ ತೆಗೆದು ಪೇಟಿಯ ಮೇಲೆ ಒಗೆದು, ಹಿಂದಿನ ಪರದೆ ಹರಿದುಕೊಂಡು ಹೋದ. ನಾಟಕ ಅಲ್ಲಿಗೇ ನಿಂತಿತು. ದೇವಿಕಾ ಕಾಲುಗೆಜ್ಜೆ ಬಿಚ್ಚುತ್ತಾ ಮಾಸ್ತರರಿಗೆ ಅಂದರು, "ಇಪ್ಪತ್ತು ವರ್ಷದಾಗ ಈ ಪಾತ್ರ ಹಾಕಿ ಸಾಯದೇ ಮನಿಗೆ ಹೊಂಟಿದ್ದು ಇದೇ ಮೊದಲ್ನೇ ಸಲ ನೋಡ್ರಿ."

ಸೀರೆ ಇಟ್ಟಿಗೆ ಬಣ್ಣದ್ದು, ಹಸಿರು ಅಂಚು. ಆ ವರ್ಷದ ಆಯುಧಪೂಜೆಗೆ ಕೆಲಸದಲ್ಲಿ ಉಳಿದ ಹೆಂಗಸರಿಗೆ ಕೊಟ್ಟದ್ದು ಅದೇ. ಕೆಳಗೆ ಕುಂತಲ್ಲಿಂದಲೇ ಜಂಬವ್ವನಿಗೆ ಗುರುತು ಸಿಕ್ಕಿತ್ತು. ಮನೆಗೆ ಹೋದವಳೇ ಮಡಿಕೆ ಬಿಚ್ಚಿದಳು. ಹೊರಗಿನ ರಟ್ಟು ಕಿತ್ತಿದ್ದರು. ಒಳಗಿನದು ಕುಪ್ಪಸದ ತುಂಡಿಗೆ ಹಾಗೇ ಇತ್ತು: ಜಂಬವ್ವ, ಸ್ವೀಪರ್, ಎರಡನೇ ಗೇಟು, ಟೋಕನ್ ನಲವತ್ತೇಳು. ಕೆಳಗೆ ಕಂಟ್ರಾಕ್ಟರನ ಸ್ಟಾಂಪು.

ಸೆಪ್ಟೆಂಬರಿನಲ್ಲಿ ರಟ್ಟು ಬರೆದಿದ್ದರು, ಅಕ್ಟೋಬರಿನಲ್ಲಿ ಕೆಲಸದಿಂದ ತೆಗೆದರು, ಇಪ್ಪತ್ತೆರಡು ಸೀರೆ ಸ್ಟೋರಿನಲ್ಲೇ ಉಳಿದವು. ಅವಳ ಸೀರೆಯನ್ನೇ ಕನಕರಾಜ ಯಾಕೆ ಆರಿಸಿದ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಹೊಸದು ಕೊಳ್ಳಲು ಜಿಪುಣತನ ಇರಬೇಕು. ಇಲ್ಲವೇ ಅವಳ ಸೀರೆಯಿಂದಲೇ ಅವಳನ್ನು ಕಟ್ಟಿಹಾಕುವ ಖುಷಿ. ಒಳಗೆ ಇನ್ನೊಂದು ರಟ್ಟು ಇರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಸೀರೆ ಬಿಚ್ಚಿ ನೋಡುವ ಕೆಲಸ ಗಂಡಸರದಲ್ಲವಲ್ಲ.

ಈ ರಟ್ಟಿನ ವಿಷಯ ಆಕೆ ನನಗೆ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಂಜಿನಯ್ಯ ಮನೆಗೆ ಬಂದ. ಕಣ್ಣಿಗೆ ಹಚ್ಚಿದ ಕಾಡಿಗೆ ಗಲ್ಲದ ತನಕ ಇಳಿದಿತ್ತು, ಅಂಟಿಸಿದ ಮೀಸೆ ಅರ್ಧ ಕಿತ್ತುಬಂದಿತ್ತು. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತೇ ಇದ್ದರು, ಹಾಗಾಗಿ ಮುಂದಿನದನ್ನು ಊರೇ ಕೇಳಿತು.

"ಆ ಸೀರಿ ಒಲಿಗೆ ಹಾಕು."

"ಹಾಕಾಂಗಿಲ್ಲ. ನನ್ನ ಹೆಸರಿಗೆ ಬಂದೈತಿ, ನಂದದು."

"ನಾಳೆ ಹೊಸಪೇಟಿಗೆ ಹೋಗಬ್ಯಾಡ. ಹೋದ್ರ ಈ ಮನಿಗೆ ಬರಬ್ಯಾಡ."

"ಈ ಮನಿ ಗ್ವಾಡಿಗೆ ಕಲ್ಲು ಹೊತ್ತಾಕಿ ನಾನು. ನೀ ಹೇಳಿದ್ರ ಹೋಗಾಕ ನಾ ಬಾಡಿಗಿ ಇಲ್ಲ."

"ಏನೂ ಇಲ್ಲ ಅಂದ್ರ ಸೀರಿ ಯಾಕ ತಗೊಂಡಿ? ಕಣ್ಣಿಗೆ ಬಿದ್ದಿಲ್ಲ ಅಂದ್ರ ನಡೆದಿಲ್ಲ ಅಂತೇನಿಲ್ಲ!"

ಜಂಬವ್ವ ನಕ್ಕಳಂತೆ. "ಇದು ಎರಡನೇ ಅಂಕದ ಮಾತು. ಬಂಟನ ಮಾತು. ನಾನ ನಿನಗ ಓದಿ ಹೇಳಿದ್ದು, ಇಲ್ಲೇ, ರೊಟ್ಟಿ ಬಡಿಯೋ ಮುಂದ. ಈಗ ಯಾರ ಬಾಯಿಂದ ಕೇಳಿಕೊಂಡು ಬಂದಿ ಹೇಳು?"

ಮಾತು ಸೋತ ಗಂಡಸು ಮಾಡುವುದನ್ನೇ ಮಾಡಿದ. ಎರಡೂ ಕೈ ಅವಳ ಕತ್ತಿನ ಕಡೆ ಹೋದವು. ಎರಡು ತಿಂಗಳು ತಾಲೀಮಾದ ಕೈ, ದಾರಿ ಗೊತ್ತಿತ್ತು. ಜಂಬವ್ವ ಒಲೆಯ ಮಗ್ಗುಲಿನಿಂದ ಅವ್ವನ ಕಾಲದ ಸುತ್ತಿಗೆ ಎತ್ತಿ ಹೊಸ್ತಿಲ ಮೇಲೆ ಕುಟ್ಟಿದಳು. ಕಲ್ಲು ಚಕ್ಕೆ ಎದ್ದು ಅವನ ಮೊಣಕಾಲಿಗೆ ಬಡಿಯಿತು.

"ನಾಟಕದಾಗಿನ ಹೆಂಡ್ತಿ ಕೈ ಮುಗಿತಾಳ. ನಾ ಮುಗಿಯಾಂಗಿಲ್ಲ. ಹತ್ತಿರ ಬಾ ನೋಡೂಣು, ದಳವಾಯಿ!"

ದಳವಾಯಿ ಹೊರಗಿನ ಕಟ್ಟೆಗೆ ಹೋಗಿ ಕುಂತ.

ಮಧ್ಯಾಹ್ನ ನಾನು ಹೋದೆ. ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಕಟ್ಟಿಕೊಂಡಿದ್ದೆ, ಹಿರಿಯರೂ ಅದನ್ನೇ ಹೇಳಿದ್ದರು. ಬಾಗಿಲ ಹೊರಗೇ ನಿಂತು ಅಂದೆ, "ಜಂಬವ್ವ, ಊರ ಮುಂದ ನನ್ನನ್ನ ಅಣ್ಣ ಅಂದುಬಿಡು. ತವರಿನ ಸೀರಿ ಅಂತಾಗತೈತಿ. ಎಲ್ಲಾರ ಬಾಯಿ ಮುಚ್ಚತೈತಿ."

ಆಕೆ ನನ್ನನ್ನು ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ನೀವೂ ಹಿಂಗ ಅಂತೀರೇನ್ರಿ ಕಾಮ್ರೇಡ್? ಏಳು ಮಂದಿ ಗಂಡಸರ ಕೂಡ ಮಾತಾಡಿದ್ರ ಏಳು ಮಂದಿಗೂ ಅಣ್ಣ ಅನ್ನಬೇಕೇನು ನಾನು? ನಿಮ್ಮನ್ನ ಕಾಮ್ರೇಡ್ ಅಂತೀನಿ. ಅದು ಸಾಲಂಗಿಲ್ಲಂದ್ರ ನಿಮ್ಮ ಯೂನಿಯನ್ ಬೋರ್ಡ್ ಇಳಿಸಿ ರಾಖಿ ಅಂಗಡಿ ಇಡ್ರಿ."

"ಹಂಗಲ್ಲ, ನಾಳೆ ವಿಚಾರಣೆ..."

"ನಾಳೆ ಬೆಳಿಗ್ಗೆ ಎಂಟರ ಬಸ್. ನೀವು ಬರ್ತೀರೋ, ಇಲ್ಲ ನಿಮ್ಮ ಮಾನ ಕಾಯ್ಕೊಂಡು ಮನ್ಯಾಗ ಕುಂದ್ರತೀರೋ?"

ಮೂವತ್ತು ವರ್ಷ ಭಾಷಣ ಮಾಡಿದವನು ನಾನು. ಬಾಯಿ ಮುಚ್ಚಿಕೊಂಡು ಬಂಡ್ರಿಗೆ ವಾಪಸ್ ಬಂದೆ. ಅಂಜಿನಯ್ಯನೊಬ್ಬನಿಗೇ ಅಲ್ಲ, ನನಗೂ ದೌರ್ಬಲ್ಯ ಇತ್ತು. ಅವನದು ಹೆಂಡತಿಯ ಮೇಲಿನ ಸಂಶಯ, ನನ್ನದು ಹೆಸರಿನ ಮೇಲಿನ ಆಸೆ. ಕನಕರಾಜ ಒಂದೇ ಚೀಟಿಯಲ್ಲಿ ಎರಡಕ್ಕೂ ಗಾಳ ಹಾಕಿದ್ದ.

ಸೋಮವಾರ ಎಂಟಕ್ಕೆ ಬಸ್ ಸ್ಟಾಪಿಗೆ ಬಂದವಳು ಅದೇ ಸೀರೆ ಉಟ್ಟಿದ್ದಳು. ಇಟ್ಟಿಗೆ ಬಣ್ಣ, ಹಸಿರು ಅಂಚು. ಹಿಂದೆ ಇಪ್ಪತ್ತೊಂದು ಮಂದಿ. ಅವರಿಗೆಲ್ಲ ಭಾನುವಾರ ಸಂಜೆ ಮನೆಮನೆಗೆ ಹೋಗಿ ಹೇಳಿದ್ದಳು, ಹಿಂದಿನ ವರ್ಷದ ಆಯುಧಪೂಜೆ ಸೀರೆ ಉಟ್ಟುಕೊಂಡು ಬರ್ರಿ ಅಂತ. ಇಪ್ಪತ್ತೊಂದು ಹಸಿರು ಸೀರೆ, ಎಲ್ಲಕ್ಕೂ ಒಂದೇ ಥರದ ಹಳದಿ ಅಂಚು.

ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹಂಪಿಗೆ ಹೊರಟ ಟೂರಿಸ್ಟುಗಳು ಫೋಟೋ ಹೊಡೆಯಲು ನಿಂತರು. ಅವರ ಗೈಡ್ ಕೇಳಿದ, "ಯಾವ ಮೇಳ್ರೀ ಅಕ್ಕ ನಿಮ್ದು?"

"ಕಸ ಹೊಡಿಯೋ ಮೇಳ. ಪ್ರೋಗ್ರಾಂ ಲೇಬರ್ ಆಫೀಸಿನ್ಯಾಗೈತಿ, ಬರ್ರಿ," ಅಂದಳು.

ಆಫೀಸಿನಲ್ಲಿ ಕಂಟ್ರಾಕ್ಟರನ ವಕೀಲರು ಹಳೇ ಮಾತೇ ಹೇಳಿದರು. ಈ ಹೆಂಗಸರು ಯಾರೋ ನಮಗೆ ತಿಳಿಯದು. ಕನಕರಾಜ ಮಗ್ಗುಲಿಗೆ ಕುಂತು ತಲೆಯಾಡಿಸಿದ. ಜಂಬವ್ವನನ್ನು ಆ ಸೀರೆಯಲ್ಲಿ ನೋಡಿ ಮೊದಲು ನಕ್ಕಿದ್ದ ಕೂಡ.

ಆಕೆ ಸೆರಗಿನ ಗಂಟು ಬಿಚ್ಚಿ, ಪಿನ್ ಸಮೇತ ರಟ್ಟನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟಳು. ಅವರು ಓದಿದರು. ತಿರುವಿ ಸ್ಟಾಂಪ್ ನೋಡಿದರು.

"ಇದು ನಿಮಗೆ ಎಲ್ಲಿ ಸಿಕ್ತಮ್ಮ?"

"ಈ ಸೀರಿ ಒಳಗ, ಸಾಹೇಬ್ರ. ನನ್ನ ಗಂಡನ ಕಿವಿ ಕೆಡಿಸಾಕ ಇವರು ಸ್ಟೋರಿನ್ಯಾಗಿಂದ ತೆಗೆದು, ಈ ಕಾಮ್ರೇಡ್ ಹೆಸರು ಹಾಕಿ, ಊರ ಮುಂದ ಮೈಕಿನ್ಯಾಗ ಓದಿಸಿದ್ರು. ಇವರು ಕಳಿಸಿಲ್ಲಂದ್ರ ಸ್ಟೋರಿನ ಸೀರಿ ನಾಟಕಕ್ಕ ಹೆಂಗ ಬಂತು ಕೇಳ್ರಿ. ನಾವು ಕೆಲಸ ಮಾಡೇ ಇಲ್ಲಂದ್ರ ನನ್ನ ಹೆಸರು, ನನ್ನ ಟೋಕನ್ ಇವರ ಸ್ಟೋರಿಗೆ ಹೆಂಗ ಹೋತು, ಅದನ್ನೂ ಕೇಳ್ರಿ."

ಅಧಿಕಾರಿ ಕನಕರಾಜನ ಕಡೆ ತಿರುಗಿದರು. ಮಾತಿಗೆ ಎಂದೂ ತಡವರಿಸದ ಬಂಟ ವಕೀಲರ ಮುಖ ನೋಡಿದ, ಫ್ಯಾನ್ ನೋಡಿದ. ಹಿಂದಿನಿಂದ ಮಾತು ಎತ್ತಿಕೊಡಲು ಅಲ್ಲಿ ಮಾಸ್ತರ್ ಇರಲಿಲ್ಲ.

ಬಾಗಿಲಲ್ಲಿ ಅಂಜಿನಯ್ಯ ನಿಂತಿದ್ದ. ನಮ್ಮ ನಂತರದ ಬಸ್ಸಿಗೆ ಬೆನ್ನತ್ತಿ ಬಂದಿದ್ದ, ನನ್ನನ್ನೋ ಹೆಂಡತಿಯನ್ನೋ ಹಿಡಿಯಲು. ಎಲ್ಲ ಕೇಳಿಸಿಕೊಂಡ. ನಾವು ಹೊರಗೆ ಬಂದಾಗ ಮೆಟ್ಟಿಲ ಮೇಲೆ ಕುಂತು ಮುಖ ಮುಚ್ಚಿಕೊಂಡಿದ್ದ.

"ಆ ರಟ್ಟು ನನಗ ಮೊದಲ ತೋರಿಸಿದ್ರ ಏನಾಗ್ತಿತ್ತಲೇ?"

"ತೋರಿಸಿದ್ರ ನಂಬತಿದ್ದಿ. ರಟ್ಟನ್ನ ನಂಬತಿದ್ದಿ, ನನ್ನನ್ನಲ್ಲ. ಪಿನ್ ಉದುರಿ ರಟ್ಟು ಎಲ್ಲೋ ಬಿದ್ದಿದ್ರ? ಆಗ ನಾ ಕೆಟ್ಟಾಕಿ ಆಗತಿದ್ನೇನು?"

ಅವನು ಅಳಲು ಶುರು ಮಾಡಿದ.

"ಇಲ್ಲಿ ಬ್ಯಾಡ," ಅಂದಳು ಜಂಬವ್ವ. "ಬೈದದ್ದು ಊರಾಗ. ಇಲ್ಲಿ ಯಾರಿಗೂ ಕಾಣದಂಗ ಅತ್ರ ನಡಿಯಾಂಗಿಲ್ಲ." ನಾವೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಸ್ ಹತ್ತಿದೆವು. ಅವನಿಗೂ ಒಂದು ಪ್ಲೇಟ್ ಕೊಡಿಸಿದಳು. ಮಾತಾಡಿಸಲಿಲ್ಲ.

ಆದೇಶ ಬರಲು ಎಂಟು ತಿಂಗಳು ಹಿಡಿಯಿತು. ಇಪ್ಪತ್ತೆರಡೂ ಮಂದಿಯನ್ನು ವಾಪಸ್ ಕೆಲಸಕ್ಕೆ ತಗೊಂಡರು, ಹಾಜರಿ ಕಾರ್ಡು ಬಂತು, ನೀರಿನ ಟ್ಯಾಂಕ್ ಬಂತು. ನಾಲ್ಕು ಗೋಡೆಯಲ್ಲಿ ಮೂರು ಎದ್ದಿವೆ, ನಾಲ್ಕನೆಯದಕ್ಕೆ ಇನ್ನೂ ಜಗಳ ನಡೆದಿದೆ. ಕನಕರಾಜನನ್ನು ಬೇರೆ ಸೈಟಿಗೆ ಹಾಕಿದರು. ಆ ಎಂಟು ತಿಂಗಳು ಅಂಜಿನಯ್ಯ ಕಟ್ಟೆಯ ಮೇಲೇ ಮಲಗಿದ, ಜಂಬವ್ವ ಬೇರೆಯವರ ಹೊಲದ ಕೆಲಸದಿಂದ ಬರುವಷ್ಟರಲ್ಲಿ ರೊಟ್ಟಿ ಬಡಿದಿಡುವುದು ಕಲಿತ. ಅವನ ರೊಟ್ಟಿ ಇವತ್ತಿಗೂ ದುಂಡಗೆ ಬರುವುದಿಲ್ಲ.

ಈ ಜನವರಿಗೆ ಊರಿನವರು ನಿಂತ ನಾಟಕ ಮುಗಿಸಬೇಕೆಂದು ಹೊರಟರು. ಹೊಸ ನಿಯಮ ಮಾಡಿದರು: ಆಯೇರಿ ಕೊಡುವವರು ತಾವೇ ಸ್ಟೇಜಿಗೆ ಬಂದು ಕೊಡಬೇಕು. ಬಂಟನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ, ಮಾಸ್ತರರೇ ಬಣ್ಣ ಹಚ್ಚಿದರು. ಅಂಜಿನಯ್ಯ ತನಗೆ ದಳವಾಯಿ ಬೇಡವೇ ಬೇಡ ಅಂದ. ಜಂಬವ್ವ ಬಿಡಲಿಲ್ಲ.

"ಮಾಡು. ಅಳೋ ಸೀನ್ ಇನ್ನೂ ಬಾಕಿ ಐತಿ."

ಆವತ್ತು ಮುಂದಿನ ಸಾಲಿನಲ್ಲಿ ಇಟ್ಟಿಗೆ ಬಣ್ಣದ ಸೀರೆ ಉಟ್ಟು ಕುಂತಿದ್ದಳು. ಮಗ್ಗುಲಿಗೆ ಒಂದು ಕುರ್ಚಿ ಖಾಲಿ ಇತ್ತು. "ಕುಂದ್ರಿ ಕಾಮ್ರೇಡ್" ಅಂದಳು. ಕುಂತೆ. ಈ ಸಲ ಶಿಳ್ಳೆ ಬರಲಿಲ್ಲ. ದೇವಿಕಾ ಚೊಕ್ಕವಾಗಿ ಸತ್ತರು. ದಳವಾಯಿ ಮೊಣಕಾಲೂರಿ ಕುಂತ. ಮಾತು ಮರೆತ. ಬರೀ ಕಣ್ಣೀರು ಬರುತ್ತಿತ್ತು, ಬಣ್ಣ ಕರಗುತ್ತಿತ್ತು. ಮಾಸ್ತರರು ಪರದೆಯ ಸಂದಿಯಿಂದ ಪಿಸುಗುಟ್ಟಿದರೂ ಅವನಿಗೆ ಕೇಳಲಿಲ್ಲ.

ಜಂಬವ್ವ ಕುಂತಲ್ಲಿಂದಲೇ ಮಾತು ಎತ್ತಿಕೊಟ್ಟಳು. "'ಕಂಡವರ ಮಾತು ಕೇಳಿದೆ, ನಿನ್ನನ್ನು ಕೇಳಲಿಲ್ಲ.' ಅನ್ನು."

ಅವನು ಅಂದ. ಅರ್ಧ ಮಾತು ಒಳಗೇ ಉಳಿಯಿತು.

"ಜೋರಾಗಿ ಅನ್ನು," ಅಂದಳು. "ಹಿಂದ ಕುಂತೋರಿಗೆ ಕೇಳವಲ್ದು."